ಹಾಡಿನ ಫೋಲ್ಡರಿನಲ್ಲಿದ್ದ ಹೊಲ

ಬೆಳಿಗ್ಗೆ ಒಂಬತ್ತೂವರೆಗೆ ಪೆನ್‌ಡ್ರೈವಿನಲ್ಲಿ ಆರು ಎಂಬಿ ಜಾಗ ಉಳಿದಿತ್ತು. ನನಗೆ ಬೇಕಿದ್ದದ್ದು ಅರವತ್ತೆರಡು. ಹೊಸಪೇಟೆಯ ಸ್ಟೇಷನ್ ರಸ್ತೆಯ ಸ್ಕ್ಯಾನಿಂಗ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ನಿಂತು, ಜಾಗ ಸಾಲದು ಎನ್ನುವ ಸಂದೇಶವನ್ನು ಎರಡು ಸಲ ಮುಚ್ಚಿ ಮೂರನೇ ಸಲ ಓದುತ್ತಿದ್ದೆ. ಇನ್ನೊಂದು ಸಲ ಓದಿದರೆ ಜಾಗ ಹೆಚ್ಚಾಗುತ್ತದೇನೋ ಎನ್ನುವ ಹಾಗೆ. ಹೊರಗೆ ಅದಿರಿನ ಲಾರಿಗಳು ಒಂದರ ಹಿಂದೊಂದು ನಿಂತು ಹಾರ್ನ್ ಹೊಡೆಯುತ್ತಿದ್ದವು. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಕೆಂಪು ಧೂಳು ಅಂಟುತ್ತಿತ್ತು.

ನಾನು ಆಗ ಒಂದು ಖಾಸಗಿ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವಳು. ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ನಮ್ಮ ಸರ್ವೇಯರ್ ಸರ್ ಹೊರಗೆ ಅಳೆದು ತಂದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ಗೆರೆ ಎಳೆಯುವುದು ನನ್ನ ಕೆಲಸ. ಗಣಿಗಳ ಕೆಲಸ ಎಷ್ಟು ಬರುತ್ತಿತ್ತೆಂದರೆ ಸರ್ ಬೆಳಿಗ್ಗೆ ಸಂಡೂರಿನ ಗುಡ್ಡದಲ್ಲಿದ್ದರೆ ಮಧ್ಯಾಹ್ನ ಕಮಲಾಪುರದ ಗದ್ದೆಯಲ್ಲಿರುತ್ತಿದ್ದರು. ಮೂರು ಕಾಲಿನ ಮೇಲೆ ನಿಲ್ಲಿಸುವ ಅಳತೆಯ ಯಂತ್ರ ಬಂದ ಮೇಲೆ ಕೈಯಲ್ಲಿ ಬರೆಯುವ ಫೀಲ್ಡ್ ಬುಕ್ಕನ್ನು ನಾವು ಬಿಟ್ಟೇ ಬಿಟ್ಟಿದ್ದೆವು. ಅಂಕಿಗಳನ್ನು ಯಂತ್ರವೇ ಇಟ್ಟುಕೊಳ್ಳುತ್ತಿತ್ತು. ಸಂಜೆ ಅವನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮಾರನೇ ದಿನದ ಕೆಲಸಕ್ಕೆ ಯಂತ್ರವನ್ನು ಖಾಲಿ ಮಾಡುತ್ತಿದ್ದೆವು. ಹೊಸ ಹುರುಪು, ಹಳೇ ಪುಸ್ತಕ ಹೊರುವವರನ್ನು ನೋಡಿ ನಗುತ್ತಿದ್ದೆವು.

ಆ ದಿನದ ಕೆಲಸ ಗಣಿಯವರದಲ್ಲ. ಪಾಪಿನಾಯಕನಹಳ್ಳಿಯ ಕಡೆ ಗುಡ್ಡದ ಬುಡದಲ್ಲಿ ಒಬ್ಬ ಹೆಂಗಸಿಗೆ ಮೂರೂವರೆ ಎಕರೆ ಹೊಲವಿತ್ತು. ಆಫೀಸಿನಲ್ಲಿ ಅವರನ್ನು ನಾವು ಹೊಲದಮ್ಮ ಎಂದೇ ಕರೆಯುತ್ತಿದ್ದೆವು. ಗುಡ್ಡದ ಮಗ್ಗುಲಿಗೆ ಒಂದು ಗಣಿ ಕಂಪನಿಯ ಜಾಗ. ನಡುವೆ ನಾಲ್ಕು ಗಡಿಕಲ್ಲು. ನಾಲ್ಕು ತಿಂಗಳ ಹಿಂದೆ ಎರಡೂ ಕಡೆಯವರನ್ನು ನಿಲ್ಲಿಸಿಕೊಂಡು ಆ ಕಲ್ಲುಗಳನ್ನು ಅಳೆದವರು ನಾವೇ. ಆಮೇಲೆ ಒಂದು ವಾರ ಹೊಲದಮ್ಮ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕೂ ಕಲ್ಲು ಮಾಯ. ಯಾರು ಕಿತ್ತರೆಂದು ನೋಡಿದವರಿಲ್ಲ, ಡೋಜರ್ ಓಡಾಡಿದ ಗುರುತು ಮಾತ್ರ ಇತ್ತು. ಹೊಲದಮ್ಮ ಅರ್ಜಿ ಕೊಟ್ಟು, ಓಡಾಡಿ, ಕೊನೆಗೆ ಸರ್ಕಾರಿ ಸರ್ವೇಯರು ಗಡಿ ಗುರುತಿಸಲು ಬರುವ ದಿನ ನಿಗದಿಯಾಗಿತ್ತು. ಅವತ್ತೇ, ಮಧ್ಯಾಹ್ನ ಎರಡು ಗಂಟೆಗೆ.

ಸರ್ ಯಂತ್ರ ಎತ್ತಿಕೊಂಡು ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದರು. ಬಟ್ಟೆಯ ಮೇಲೆ ಅಂಟಿಸಿದ ಹಳೆಯ ಗ್ರಾಮ ನಕಾಶೆಯನ್ನು ಸ್ಕ್ಯಾನ್ ಮಾಡಿಸಿ, ಆಫೀಸಿನಲ್ಲಿ ಅಳತೆಗೆ ಹೊಂದಿಸಿ, ಪ್ರಿಂಟ್ ತೆಗೆದು ಮಧ್ಯಾಹ್ನ ಒಂದರೊಳಗೆ ತರಬೇಕೆಂದು ನನಗೆ ಹೇಳಿದ್ದರು. ಸ್ಕ್ಯಾನ್ ಆಗಿತ್ತು. ಅದನ್ನು ಹಾಕಿಕೊಳ್ಳಲು ಜಾಗವಿರಲಿಲ್ಲ, ಅಷ್ಟೇ.

ಆಫೀಸಿಗೆಲ್ಲ ಇದ್ದದ್ದು ಒಂದೇ ಪೆನ್‌ಡ್ರೈವ್, ನೂರಿಪ್ಪತ್ತೆಂಟು ಎಂಬಿಯದು. ಓಣಿಯ ಬೋರಿಂಗ್ ಪಂಪ್ ಇದ್ದ ಹಾಗೆ, ಬಂದವರೆಲ್ಲ ಉಪಯೋಗಿಸುತ್ತಿದ್ದರು. ಗಣಿ ಕಡೆಯವರು ನಕ್ಷೆ ಒಯ್ಯಲು ಕೇಳಿ ತೆಗೆದುಕೊಂಡು ಹೋದರೆ ಅದು ಎರಡು ದಿನ ಬಿಟ್ಟು ಹತ್ತು ಹೊಸ ಹಾಡು ತುಂಬಿಕೊಂಡು ಬರುತ್ತಿತ್ತು. ನಾನು ಪಟ್ಟಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿದೆ. ಗಣಿ ನಕ್ಷೆಗಳನ್ನು ಮುಟ್ಟುವಂತಿಲ್ಲ. ನಕ್ಷೆ ಉಳಿಸುವಾಗೆಲ್ಲ ತಾನಾಗಿ ಹುಟ್ಟುವ ಹಳೇ ನಕಲುಗಳನ್ನು ಒಂದೊಂದಾಗಿ ಅಳಿಸಿದೆ. ಒಂಬತ್ತು ಎಂಬಿ ಸಿಕ್ಕಿತು. ಸಾಲಲಿಲ್ಲ. ಸರ್‌ಗೆ ಫೋನ್ ಮಾಡಿದೆ, ಗುಡ್ಡದ ಬುಡದಲ್ಲಿ ಸಿಗ್ನಲ್ ಇಲ್ಲ. ಉಳಿದದ್ದು 'ಹಾಡು' ಎಂಬ ಫೋಲ್ಡರು, ಐವತ್ತೆಂಟು ಎಂಬಿ. ಒಳಗೆ ಹೋಗಿ ಮೊದಲ ಹತ್ತು ಹೆಸರು ನೋಡಿದೆ, ಎಲ್ಲ ಸಿನಿಮಾ ಹಾಡು. ಹಾಡು ಹೋದರೆ ಮತ್ತೆ ತುಂಬಿಕೊಳ್ಳುತ್ತಾರೆ ಎಂದುಕೊಂಡು ಇಡೀ ಫೋಲ್ಡರನ್ನು ಅಳಿಸಿದೆ. ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಆಯಿತು, ಆ ಹಾಡುಗಳನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ನಕಾಶೆಯ ಫೈಲು ಪೆನ್‌ಡ್ರೈವಿಗೆ ಇಳಿಯತೊಡಗಿತು. ಹಸಿರು ಪಟ್ಟಿ ಅರ್ಧ ದಾಟಿರಬಹುದು, ಫೋನ್ ಬಂತು. ಸರ್ ಎಲ್ಲೋ ಬಂಡೆ ಹತ್ತಿ ನಿಂತು ಕೂಗುತ್ತಿದ್ದರು.

"ಕೇಳಸ್ತೈತೇನವಾ? ನಾಕು ಕಲ್ಲಿನ ಅಳತಿ ಫೈಲೂ ಪ್ರಿಂಟ್ ತಗಿ. ಆ ಪೆನ್‌ಡ್ರೈವ್‌ನ್ಯಾಗ ಹಾಡಿನ ಫೋಲ್ಡರ್ ಐತಲ್ಲ, ಅದರಾಗ ಇಟ್ಟೀನಿ."

"ಹಾಡಿನ ಫೋಲ್ಡರ್‌ನ್ಯಾಗ ಯಾಕ ಇಟ್ರಿ ಸರ್?"

"ಯಾರ‍್ಯಾರೋ ಒಯ್ತಾರ ಅಂತ ಮುಚ್ಚಿಟ್ಟಿದ್ದೆ. ಹಾಡು ಯಾರೂ ಅಳಸಂಗಿಲ್ಲ ನೋಡು. ಜಲ್ದಿ ಬಾ."

ಆಫೀಸಿನ ಕಂಪ್ಯೂಟರಿಗೆ ವೈರಸ್ ಹತ್ತಿ ಹಿಂದಿನ ವಾರವಷ್ಟೇ ಫಾರ್ಮ್ಯಾಟ್ ಮಾಡಿಸಿದ್ದೆವು, ನಾನು ಬರೆದ ನಕ್ಷೆಯೂ ಅದರೊಂದಿಗೆ ಹೋಗಿತ್ತು. ಯಂತ್ರದ ನೆನಪು ನಾಲ್ಕು ತಿಂಗಳಲ್ಲಿ ನೂರು ಸಲ ಖಾಲಿಯಾಗಿತ್ತು. ಅಳೆದ ದಿನ ಇಬ್ಬರೂ ಸಹಿ ಹಾಕಿದ ಪಂಚನಾಮೆಯಲ್ಲಿ ಅಂಕಿಗಳ ಜಾಗದಲ್ಲಿ "ವಿವರ ಕಂಪ್ಯೂಟರಿನಲ್ಲಿದೆ" ಎಂದು ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು. ಅಂದರೆ ಆ ನಾಲ್ಕು ಕಲ್ಲು ಎಲ್ಲಿದ್ದವು ಎಂದು ಹೇಳುವುದು ಈ ಭೂಮಿಯ ಮೇಲೆ ಆ ಒಂದು ಫೈಲು ಮಾತ್ರ. ನಾನು ಅದನ್ನು ಅಳಿಸಿ ಹತ್ತು ನಿಮಿಷವಾಗಿತ್ತು.

ಅಂಗಡಿಯ ಕಂಪ್ಯೂಟರಿನಲ್ಲಿ ಕಸದ ಬುಟ್ಟಿ ತೆರೆದೆ. ಖಾಲಿ. ಅಂಗಡಿಯವರು ನನ್ನ ಮುಖ ನೋಡಿ, "ಪೆನ್‌ಡ್ರೈವಿಂದು ಬುಟ್ಟಿಗೆ ಬರಂಗಿಲ್ಲಮ್ಮ, ಸೀದಾ ಹೋಗ್ತೈತಿ" ಎಂದರು. ಹಸಿರು ಪಟ್ಟಿ ಇನ್ನೂ ಮುಂದೆ ಹೋಗುತ್ತಲೇ ಇತ್ತು. ಅದನ್ನು ತಡೆಯಬೇಕೋ, ಮುಗಿಯಲು ಬಿಡಬೇಕೋ ನನಗೆ ಗೊತ್ತಿರಲಿಲ್ಲ. "ಮುಗ್ಯಾಕ ಬಂತು, ಮುಗೀಲಿ ಬಿಡ್ರಿ" ಎಂದರು ಅಂಗಡಿಯವರು. ಯಾಕೋ ಅದು ಆ ಕಲ್ಲುಗಳ ಮೇಲೇ ಹರಿದು ಹೋಗುತ್ತಿದೆ ಅನ್ನಿಸಿತು. ರದ್ದು ಒತ್ತಿ ಪೆನ್‌ಡ್ರೈವ್ ತೆಗೆದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸಗಳಲ್ಲಿ ಅದೊಂದು, ಅದೂ ತಿಳಿದು ಮಾಡಿದ್ದಲ್ಲ.

ಮದುವೆ ಫೋಟೋ ತೆಗೆಯುವ ಒಬ್ಬ ಸ್ಟುಡಿಯೋ ಭಾಯ್ ಬಳಿ ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಇದೆ ಎಂದು ಅಂಗಡಿಯವರೇ ಹೇಳಿದರು. ಯಾರದೋ ಧಾರೆಯ ಫೋಟೋಗಳೆಲ್ಲ ಕ್ಯಾಮೆರಾ ಕಾರ್ಡಿನಿಂದ ಹಾರಿಹೋಗಿ, ಬೀಗರು ಸ್ಟುಡಿಯೋ ಮುಂದೆ ಬಂದು ಕುಳಿತ ಮೇಲೆ ಕಲಿತ ವಿದ್ಯೆಯಂತೆ. ನಕಾಶೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಎರಡು ಓಣಿ ದಾಟಿ ಓಡಿದೆ.

ಭಾಯ್ ಕೇಳಿದ ಮೊದಲ ಮಾತೇ, "ಅಳಿಸಿದ ಮ್ಯಾಲ ಏನಾರ ತುಂಬೀರೇನು ಮೇಡಂ?"

"ಜಾಗ ಸಾಲದಕ್ಕ ಅಳಿಸಿ, ಅರ್ಧ ಫೈಲು ತುಂಬೀನಿ ಭಾಯ್. ಗೊತ್ತಾದ ಕೂಡ್ಲೇ ನಿಲ್ಲಿಸಿದೆ."

ಅವರು ನಾಲಿಗೆಯಲ್ಲಿ ಚ್ಚ್ ಚ್ಚ್ ಅಂದರು. "ನೋಡ್ರಿ, ಅಳಿಸಿದ್ರ ಒಳಗಿನ ಸಾಮಾನು ಹೋಗಂಗಿಲ್ಲ. ಬಾಗಲಾ ಮ್ಯಾಲಿನ ಹೆಸರಷ್ಟೇ ಹೋಗ್ತೈತಿ. ಬ್ಯಾರೆಯವ್ರು ಬಂದು ಕುಂತ್ರ ಮಾತ್ರ ಸಾಮಾನು ಖಲ್ಲಾಸ್. ನೀವು ಅರ್ಧ ಮನಿಗೆ ಮಂದೀನ ಕೂಡಿಸಿ ಬಂದೀರಿ. ನಿಮ್ದು ಯಾವ ಕೋಣ್ಯಾಗೈತೋ ಅಲ್ಲಾನೇ ಬಲ್ಲ."

"ಫೈಲು ಭಾಳ ಸಣ್ಣದು ಭಾಯ್. ಎರಡೋ ಮೂರೋ ಕೆಬಿ ಇರಬೌದು."

"ಅಷ್ಟಕ್ಕಾ ಅಳಿಸಿದ್ರಿ? ಅದರಿಂದ ಎಷ್ಟು ಜಾಗ ಸಿಕ್ತು ನಿಮಗ?"

ಅವರ ಮೇಲೆ ಸಿಟ್ಟು ಬಂತು, ಸಿಟ್ಟು ಮಾಡುವ ಹಕ್ಕಿರಲಿಲ್ಲ.

ಪೆನ್‌ಡ್ರೈವಿಗೆ ಒಂದಕ್ಷರವೂ ಹೊಸದಾಗಿ ಬೀಳಬಾರದು, ಇದು ಭಾಯ್ ಅವರ ಮೊದಲ ನಿಯಮ. ಅದಕ್ಕೇ ಅವರು ಮೊದಲು ಇಡೀ ಪೆನ್‌ಡ್ರೈವನ್ನು, ಖಾಲಿ ಎಂದು ಕಾಣುವ ಜಾಗವನ್ನೂ ಸೇರಿಸಿ, ತಮ್ಮ ಕಂಪ್ಯೂಟರಿಗೆ ಇದ್ದ ಹಾಗೇ ನಕಲು ಮಾಡಿಕೊಳ್ಳತೊಡಗಿದರು. ಹುಡುಕುವುದು ಆ ನಕಲಿನಲ್ಲಿ. ಹಳೇ ಕಂಪ್ಯೂಟರು, ಬಸವನಹುಳುವಿನ ನಡಿಗೆ. ನೂರಕ್ಕೆ ನಲವತ್ತು ಮುಗಿದಿತ್ತು, ಕರೆಂಟು ಹೋಯಿತು.

ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಭಾಯ್ ಗಡಿಯಾರ ನೋಡಿದರು. ಹನ್ನೊಂದು. "ಇನ್ನ ಮಧ್ಯಾನ್ನ ಒಂದರತನಕ ಬರಂಗಿಲ್ಲ. ಈ ಯುಪಿಎಸ್ ಹತ್ತು ನಿಮಿಷ ಎಳದ್ರ ಭಾಳ." ಈಗಲೇ ನಿಲ್ಲಿಸಿ ಒಂದು ಗಂಟೆಯ ಮೇಲೆ ಮೊದಲಿನಿಂದ ಶುರುಮಾಡಬಹುದಿತ್ತು. ಹಾಗೆ ಮಾಡಿದರೆ ಎರಡು ಗಂಟೆಗೆ ಹೊಲದಲ್ಲಿ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ನಡುವೆ ಆರಿಹೋದರೆ ಪೆನ್‌ಡ್ರೈವೇ ಕೆಡಬಹುದು ಎಂದೂ ಭಾಯ್ ಹೇಳಿದರು. "ನೀವ ಹೇಳ್ರಿ" ಎಂದು ನನ್ನ ಕಡೆ ತಿರುಗಿದರು. ನಡೆಯಲಿ ಎಂದೆ. ಅವರು ಕೈ ಚಾಚಿ ಮಾನಿಟರನ್ನು ಆರಿಸಿಬಿಟ್ಟರು. ಆ ದೊಡ್ಡ ಡಬ್ಬಿಯೇ ಎಲ್ಲಕ್ಕಿಂತ ಹೆಚ್ಚು ಕರೆಂಟು ತಿನ್ನುವುದಂತೆ.

ಆಮೇಲೆ ಕತ್ತಲೆಯ ಪರದೆಯ ಮುಂದೆ ಇಬ್ಬರೂ ಕುಳಿತೆವು. ಫ್ಯಾನಿಲ್ಲ. ಗೋಡೆಯ ತುಂಬ ನೂರಾರು ಮದುಮಕ್ಕಳು ನಗುತ್ತಿದ್ದರು. ಪೆನ್‌ಡ್ರೈವಿನ ತುದಿಯ ಕೆಂಪು ದೀಪ ಮಿಣುಕುತ್ತಿರುವುದೊಂದೇ ಗುರುತು. ನಾನು ಯುಪಿಎಸ್‌ನ ಕೂಗು ಎಣಿಸುತ್ತಿದ್ದೆ, ಮರೆತು ಮತ್ತೆ ಒಂದರಿಂದ ಎಣಿಸುತ್ತಿದ್ದೆ. ಹೊಲದಮ್ಮ ಆಫೀಸಿಗೆ ಬಂದಾಗೆಲ್ಲ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಕಂಪ್ಯೂಟರ್ ತೋರಿಸಿ, "ನನ್ನ ಹೊಲ ಇದರಾಗ ಐತಲ್ಲ?" ಎಂದು ಕೇಳುತ್ತಿದ್ದರು. "ಐತ್ರೀ, ಎಲ್ಲೂ ಹೋಗಂಗಿಲ್ಲ" ಎಂದು ನಾನು ನಗುತ್ತಿದ್ದೆ.

ಕೂಗು ಜೋರಾದಾಗ ಭಾಯ್ ಮಾನಿಟರ್ ಹಾಕಿದರು. ತೊಂಬತ್ತೇಳು. ತೊಂಬತ್ತೆಂಟು. ಮುಗಿಯಿತು. ಅವರ ಬೆರಳು ಓಡಿತು. ಅಳಿಸಿದ ಫೈಲುಗಳ ಪಟ್ಟಿ ಬಂತು, ಪ್ರತಿ ಹೆಸರಿನ ಮೊದಲ ಅಕ್ಷರ ಹಾರಿಹೋಗಿತ್ತು. ತಲೆಯಿಲ್ಲದ ಹಾಡುಗಳ ಕೆಳಗೆ ಒಂದು ಚಿಕ್ಕ ಫೈಲು. ತೆರೆದೆವು.

ಮೊದಲ ಸಾಲು ಮೂರು ಊರುಗಳ ಗಡಿ ಕೂಡುವ ದೊಡ್ಡ ಕಲ್ಲಿನದು. ಎರಡನೆಯದು ಬಂಡೆಯ ಮೇಲೆ ಕೊರೆದ ಗುರುತಿನದು. ಅವೆರಡೂ ಹೊಲದ ಬಳಿ ಇನ್ನೂ ಗಟ್ಟಿಯಾಗಿದ್ದವು. ಅವು ಸಿಕ್ಕರೆ ಉಳಿದದ್ದನ್ನು ಯಂತ್ರ ಹುಡುಕಿಕೊಡುತ್ತದೆ. ಆಮೇಲೆ ಒಂದನೇ ಕಲ್ಲು, ಎರಡು, ಮೂರು. ಅದರ ಕೆಳಗೆ ಚೌಕಗಳು, ಪ್ರಶ್ನೆ ಚಿಹ್ನೆಗಳು, ಅರ್ಥವಿಲ್ಲದ ಗೀಚು. ನಾಲ್ಕನೇ ಕಲ್ಲಿನ ಮೇಲೆ ನಕಾಶೆಯ ತುಂಡು ಬಂದು ಕುಳಿತಿತ್ತು.

"ಬರಕೋರಿ, ಬರಕೋರಿ, ಪ್ರಿಂಟರ್ ಹಾಕಿದ್ರ ಇದು ಸಾಯ್ತೈತಿ" ಎಂದರು ಭಾಯ್. ಅವರ ಬಿಲ್ ಪುಸ್ತಕದ ಹಾಳೆ ಹರಿದುಕೊಂಡು ಐದು ಸಾಲು ಬರೆದೆ. ಪ್ರತಿ ಸಾಲಿಗೂ ಉತ್ತರ, ಪೂರ್ವ, ಎತ್ತರ, ಬಿಂದುವಿನ ಆಚೆ ಮೂರು ಮೂರು ಅಂಕಿ. ಬರೆದದ್ದನ್ನು ನಾನು ಓದಿದೆ, ಅವರು ಪರದೆ ನೋಡಿ ಹೂಂಗುಟ್ಟಿದರು. ಕೊನೆಯ ಸಾಲಿಗೆ ಹೂಂ ಎಂದದ್ದೇ ಪರದೆ ಆರಿತು.

ಸರ್‌ಗೆ ಫೋನ್ ಹತ್ತುವವರೆಗೂ ಮತ್ತೆ ಮತ್ತೆ ಒತ್ತಿ, ನಡೆದದ್ದೆಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. "ಬಾ ಮೊದಲ" ಎಂದಷ್ಟೇ ಹೇಳಿ ಇಟ್ಟರು.

ಟೆಂಪೋ ಹತ್ತಿದೆ. ಹೆದ್ದಾರಿಯಲ್ಲಿ ಲಾರಿಗಳ ಸಾಲು, ಹತ್ತು ಅಡಿ ಹೋಗುವುದು, ನಿಲ್ಲುವುದು. ಆ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕುಳಿತೆ. ನಾಲ್ಕು ತಿಂಗಳ ಹಿಂದೆ ಆ ನಕ್ಷೆ ಬರೆದವಳು ನಾನೇ. ಮೂರನೆಯದರಿಂದ ನಾಲ್ಕನೆಯದಕ್ಕೆ ಅರವತ್ತು ಮೀಟರಿನ ಸುಮಾರು, ಸ್ವಲ್ಪ ಗುಡ್ಡದ ಕಡೆಗೆ ವಾಲಿದ ಗೆರೆ, ಅಷ್ಟು ನೆನಪಿತ್ತು. ಒಂದು ಸಾಲು ಕಟ್ಟುವುದು ಎಷ್ಟರ ಕೆಲಸ? ಬಿಂದುವಿನ ಆಚೆ ಮೂರು ಅಂಕಿ ಹಾಕಿದರೆ ಎಂಥ ಸುಳ್ಳೂ ಅಳತೆಯಂತೆ ಕಾಣುತ್ತದೆ. ಪೆನ್ನು ತೆಗೆದು ಬರೆದೆ. ಐದು ನಿಜದ ಸಾಲುಗಳ ಕೆಳಗೆ ಅದೂ ನಿಜದ ಹಾಗೇ ಕುಳಿತಿತ್ತು. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಮೂರು ಕಲ್ಲನ್ನು ಯಾರು ನಂಬುತ್ತಾರೆ ಎಂಬ ಹೆದರಿಕೆ ಆಮೇಲೆ ಬಂತು. ಅದಕ್ಕೆ ಉದ್ದಕ್ಕೂ ಗೆರೆ ಎಳೆದು ಹೊಡೆದುಹಾಕಿದೆ. ಲಾರಿಗಳು ಕದಲುವ ಲಕ್ಷಣ ಕಾಣದೆ ಇಳಿದು, ಉಳಿದ ದಾರಿಯನ್ನು ನಡೆದೇ ಹೋದೆ.

ಹೊಲಕ್ಕೆ ಮುಟ್ಟಿದಾಗ ಎರಡೂಕಾಲು. ಸರ್ಕಾರಿ ಸರ್ವೇಯರು ಜೀಪಿನ ನೆರಳಲ್ಲಿ ನಿಂತಿದ್ದರು. ಕಂಪನಿಯ ಸೂಪರ್‌ವೈಸರು ಬಿಳಿ ಅಂಗಿಯಲ್ಲಿ, ಆ ಧೂಳಿನಲ್ಲೂ ಅದು ಹೇಗೆ ಬೆಳ್ಳಗಿತ್ತೋ. ಹೊಲದಮ್ಮ ಸಲಿಕೆ ಹಿಡಿದು ಬದುವಿನ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಸರ್ ಹಾಳೆ ಇಸಿದುಕೊಂಡು, ನನ್ನ ಮುಖ ನೋಡದೆ, ಗಡಿಯ ದೊಡ್ಡ ಕಲ್ಲಿನ ಮೇಲೆ ಯಂತ್ರ ನಿಲ್ಲಿಸಿ ಬಂಡೆಯ ಗುರುತಿಗೆ ತಿರುಗಿಸಿ ಹೊಂದಿಸಿದರು. ಒಂದನೇ ಕಲ್ಲಿನ ಅಂಕಿ ಒತ್ತಿದರು. ನಾನು ಯಂತ್ರ ಗುರಿಯಿಡುವ ಕನ್ನಡಿಯ ಕೋಲು ಹಿಡಿದು ಹೊರಟೆ, ಸರ್ ಯಂತ್ರ ನೋಡಿ ಕೂಗುತ್ತಿದ್ದರು. "ಬಲಕ್ಕ. ಇನ್ನೊಂಚೂರು. ಹಿಂದಕ್ಕ ಒಂದ್ ಗೇಣು. ನಿಲ್ಲು."

"ಬರೇ ಅಂಕಿ ನಂಬಿ ಬರಿಯಾಕ ಬರಂಗಿಲ್ಲ," ಎಂದರು ಸರ್ಕಾರಿ ಸರ್ವೇಯರು. "ಅಲ್ಲಿ ಕಲ್ಲು ಇತ್ತು ಅನ್ನೂದಕ್ಕ ನೆಲದಾಗ ಏನಾರ ಗುರುತು ಬೇಕು."

"ಐತ್ರೀ ಸಾಹೇಬ್ರ," ಎಂದರು ಹೊಲದಮ್ಮ. "ನಮ್ಮ ಮಾವ ಕಲ್ಲು ನೆಡುವಾಗ ಬುಡಕ್ಕ ಬುಟ್ಟಿ ಇದ್ದಲಿ ಹಾಕಿದ್ದ. ಮ್ಯಾಲಿನ ಕಲ್ಲು ಕಿತ್ತಾರ, ತಳದ ಇದ್ದಲಿ ಯಾರಿಗಿ ಗೊತ್ತೈತಿ?"

ಅವರೇ ಅಗೆದರು. ಕೆಂಪು ಮಣ್ಣು, ಕೆಂಪು ಮಣ್ಣು, ಮೊಳದುದ್ದ ಇಳಿದ ಮೇಲೆ ಸಲಿಕೆಯ ಬಾಯಿಗೆ ಕರಿ ಹತ್ತಿತು. ಹೊಲದಮ್ಮ ಬಗ್ಗಿ ಒಂದು ಚೂರು ತೆಗೆದು ಅಂಗೈಗೆ ತಿಕ್ಕಿ ಎಲ್ಲರಿಗೂ ತೋರಿಸಿದರು. ಸರ್ಕಾರಿ ಸರ್ವೇಯರು ಬರೆದುಕೊಂಡರು. ಎರಡನೆಯದರಲ್ಲೂ ಇದ್ದಲಿ. ಮೂರನೆಯದರಲ್ಲಿ ಅರ್ಧ ಗೇಣು ಪಕ್ಕಕ್ಕೆ, ಆದರೂ ಇದ್ದಲಿ. ನನಗೆ ಅಳು ಬರುವಷ್ಟು ಸಂತೋಷವಾಯಿತು.

"ನಾಕನೇದ್ದು ಎಲ್ಲಿ?" ಸರ್ಕಾರಿ ಸರ್ವೇಯರು ಹಾಳೆ ಕೈಗೆ ತೆಗೆದುಕೊಂಡರು. "ಇದೇನಿದು, ಬರದು ಹೊಡದೀರಿ?"

ಸರ್ ಮುಂದೆ ಬಂದು, "ಮಷೀನ್ ತಪ್ಪು ಸರ್, ಒಂದು ರೀಡಿಂಗ್ ಹೋಗೇತಿ" ಎಂದರು. ನನ್ನನ್ನು ಉಳಿಸಲು ಹಾಗೆ ಹೇಳಿದರು. ಸುಮ್ಮನಿರಬಹುದಿತ್ತು.

"ಮಷೀನ್ ಅಲ್ಲ ಸರ್, ನಾನು," ಎಂದೆ. "ಪೆನ್‌ಡ್ರೈವಿನ್ಯಾಗ ಜಾಗ ಮಾಡಾಕ ಹೋಗಿ ಅಳತಿ ಫೈಲು ಅಳಿಸಿದೆ. ಮೂರು ವಾಪಸ್ ಬಂದ್ವು, ನಾಕನೇದ್ದು ಬರಲಿಲ್ಲ. ಹೊಡದಿದ್ದು ನಾ ಅಂದಾಜಿಲೆ ಬರದಿದ್ದು."

ಸೂಪರ್‌ವೈಸರು ನಕ್ಕರು. "ಅಲ್ಲಿ ನಾಕನೇ ಕಲ್ಲು ಇದ್ದಿದ್ದೇ ಇಲ್ಲ ಬಿಡ್ರಿ ಸರ್." ಸರ್ಕಾರಿ ಸರ್ವೇಯರು ಹಾಳೆಯ ಮೇಲೆ ಬೆರಳಿಟ್ಟು, "ಆ ಅಂದಾಜಿನ ಜಾಗಾನೂ ಅಗದು ನೋಡೂಣು" ಎಂದರು. ನಾನು ಕಟ್ಟಿದ ಅಂಕಿ ಎರಡಾಳು ಎತ್ತರದ ಗಣಿ ಮಣ್ಣಿನ ರಾಶಿಯ ಅಂಚಿಗೆ ಹೋಗಿ ನಿಂತಿತು. ಅಗೆದದ್ದಾಯಿತು. ಪಕ್ಕದಲ್ಲಿ ಇನ್ನೊಂದು ಗುಂಡಿಯೂ ಆಯಿತು. ಬರೀ ಕೆಂಪು.

ಮೂರನೇ ಕಲ್ಲಿನಿಂದ, ಹೊಲದ ತುದಿಯಲ್ಲಿ ಇನ್ನೂ ಉಳಿದಿರುವ ಬಂಡಿದಾರಿಯ ಮೂಲೆಗಲ್ಲಿಗೆ ಸದ್ಯಕ್ಕೆ ನೇರ ಗೆರೆ ಎಳೆಯುತ್ತೇನೆ, ನಾಲ್ಕನೆಯದು ಸಾಬೀತಾದರೆ ತಿದ್ದೋಣ ಎಂದು ಸರ್ಕಾರಿ ಸರ್ವೇಯರು ಬರೆದರು. ಆ ಗೆರೆಯ ಆಚೆ, ಕಂಪನಿಯ ಕಡೆಗೆ, ಹೊಲದ ಒಂದು ಮೂಲೆ ಹೋಯಿತು. ಮೂಲೆಯಲ್ಲಿ ಹೊಲದಮ್ಮನ ಕಣ. ಸೆಗಣಿ ಸಾರಿಸಿ ಸಾರಿಸಿ ನುಣ್ಣಗಾದ ನೆಲ, ನಡುವೆ ಎತ್ತು ಕಟ್ಟಿ ತಿರುಗಿಸುವ ಮೇಟಿ ಕಂಬ. ಎಷ್ಟು ಸುಗ್ಗಿಯ ಜೋಳ ಅಲ್ಲಿ ಒಕ್ಕಿದ್ದರೋ. ಕಣ ಇದೆ ಎಂದು ಗಡಿ ಬರೆಯಲಾಗುವುದಿಲ್ಲ ಎಂದರು ಅವರು, ಜೀಪು ಹತ್ತುತ್ತಾ. ಸೂಪರ್‌ವೈಸರೂ ಹೋದರು. ಸರ್ ದೂರದಲ್ಲಿ ಯಂತ್ರ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದರು.

ಹೊಲದಮ್ಮ ನನ್ನ ಮುಂದೆ ಬಂದು ನಿಂತರು.

"ಯಾಕ ಅಳಿಸಿದಿ?"

"ನಕಾಶಿ ಹಾಕ್ಕೋಳಾಕ ಜಾಗ ಬೇಕಿತ್ರೀ ಅವ್ವಾ. ಅದರಾಗ ನಿಮ್ಮ ಅಳತಿ ಐತಿ ಅಂತ ಗೊತ್ತಿರಲಿಲ್ಲ."

"ತಗದು ನೋಡಿದ್ರ ಗೊತ್ತಾಗ್ತಿತ್ತಿಲ್ಲೋ?"

"ಗೊತ್ತಾಗ್ತಿತ್ರೀ."

"ಎಲ್ಲೂ ಹೋಗಂಗಿಲ್ಲ ಅಂದಿದ್ದಿ. ನಕ್ಕೋಂತ ಅಂದಿದ್ದಿ." ಅವರ ದನಿ ಏರಲಿಲ್ಲ, ಆದರೆ ಮುಖದಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ. ತಪ್ಪಾಯಿತು ಎಂದೆ. ಆ ಮಾತು ಅವರ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. "ಆ ನಂಬರು ನನಗೂ ಒಂದು ಹಾಳಿಗೆ ಬರಕೊಡು. ಇನ್ನ ಆ ಡಬ್ಬಿಯೊಳಗ ಇಡೂದು ಬ್ಯಾಡ."

ಬದುವಿನ ಮೇಲೆ ಕುಳಿತು ಬರೆದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಬೆರಳಿಟ್ಟು ಸಾಲು ಎಣಿಸಿದರು. ಯಾವುದು ಬಂಡೆ, ಯಾವುದು ಯಾವ ಕಲ್ಲು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಮೂರನೇ ಕಲ್ಲಿನ ಕೆಳಗೆ ನಾನು ಸಹಿ ಹಾಕಲು ಹೋದಾಗ ಕೈ ಹಿಡಿದು ನಿಲ್ಲಿಸಿದರು.

"ನಾಕನೇದಕ್ಕ ಜಾಗ ಬಿಡು. ಅದರ ಕೆಳಗ ಹಾಕು ನಿನ್ನ ಸಹಿ."

"ಅದು ಸಿಗೂದು ಕಷ್ಟ ಐತ್ರೀ ಅವ್ವಾ."

"ಸಿಗತೈತೋ ಇಲ್ಲೋ ಅಗದ ಮ್ಯಾಲ ನೋಡೂಣು. ನೀ ಜಾಗ ಬಿಡು."

ಒಂದು ಸಾಲಿನ ಜಾಗ ಬಿಟ್ಟು ಸಹಿ ಹಾಕಿದೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದೊಳಗೆ ಇಟ್ಟುಕೊಂಡು, ಸಲಿಕೆ ಎತ್ತಿಕೊಂಡು ಮಣ್ಣಿನ ರಾಶಿಯ ಕಡೆ ನಡೆದರು. ನಾನು ನಕಾಶೆಯ ಸುರುಳಿಯನ್ನು ಸರ್ ಕೈಗೆ ಕೊಟ್ಟು ಅವರ ಹಿಂದೆ ಹೋದೆ. ಕಂಪ್ಲಿಯ ಕೊನೇ ಬಸ್ಸಿನ ಹೊತ್ತಾಗುವವರೆಗೂ ಅಗೆದೆವು. ಅವರು ಅಗೆದರು, ನಾನು ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಇದ್ದಲಿಯ ಚೂರೂ ಸಿಗಲಿಲ್ಲ.

ಬಸ್ಸಿಗೆ ಹೊರಡಲೆಂದು ಬುಟ್ಟಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡೆ. ಹೊಲದಮ್ಮ ಗುಂಡಿಯೊಳಗಿನಿಂದಲೇ ತಲೆ ಎತ್ತಿ ನೋಡಿದರು.

"ನಾಳಿ ಎಷ್ಟು ಗಂಟಿಗಿ ಬರ್ತಿ?" ಎಂದು ಕೇಳಿದರು.